ಮಾವನವರ ಹೆರಾಲ್ಡ್ ಮತ್ತು ಹದಿನಾಲ್ಕು ಫೈಲುಗಳು

ಗಂಡಿನ ಮನೆಯಲ್ಲಿ ಇಬ್ಬರು ಗಂಡುಮಕ್ಕಳು ಎಂದು ಹೇಳಿ 1993ರಲ್ಲಿ ನನ್ನನ್ನು ಮದರಾಸಿಗೆ ಮದುವೆ ಮಾಡಿಕೊಟ್ಟರು. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು, ಮೂರನೆಯದೂ ಒಂದಿದೆ, ಅದು ಶೆಡ್ಡಿನಲ್ಲಿ ಮಲಗುತ್ತದೆ ಎಂದು. ಅದೇ ನಮ್ಮ ಮಾವನವರ ಸ್ಟ್ಯಾಂಡರ್ಡ್ ಹೆರಾಲ್ಡ್. 1965ರ ಮಾಡೆಲ್, ಎರಡೇ ಬಾಗಿಲು, ಎಂ.ಎಸ್. ಎಂದು ಶುರುವಾಗುವ ಹಳೆಯ ನಂಬರು. ಇದೇ ಊರಿನ ಹೊರಗೆ ಪೆರುಂಗಳತ್ತೂರಿನ ಕಾರ್ಖಾನೆಯಲ್ಲಿ ಹುಟ್ಟಿದ ಕಾರು. ಮುಂದಿನ ಮಡ್‌ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಹೊಸ ಸೊಸೆಗೆ ಮಾವನವರು ಮೊದಲು ತೋರಿಸಿದ್ದು ದೇವರ ಮನೆಯನ್ನಲ್ಲ, ಆ ಮೂತಿಯನ್ನು.

ನಮ್ಮ ಸಂಘದ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಅನೇಕರು ಇಲ್ಲೇ ಹುಟ್ಟಿ, ಶಾಲೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ ಎಂದು ಬೆಳೆದವರು. ಅಜ್ಜ ಊರಿನಿಂದ ಏನು ತಂದರು ಎಂದು ಕೇಳಿದರೆ ಒಂದು ಟ್ರಂಕು, ಒಂದು ಹಾರ್ಮೋನಿಯಂ ಎನ್ನುತ್ತೀರಿ. ನಮ್ಮ ಮಾವನವರು ಶಿವಮೊಗ್ಗದಿಂದ ಬರಿಗೈಯಲ್ಲಿ ಬಂದವರು. ಈ ಊರು ನನ್ನನ್ನೂ ಒಪ್ಪಿಕೊಂಡಿತು ಎಂಬುದಕ್ಕೆ ಅವರ ಬಳಿ ಇದ್ದ ಸಾಕ್ಷಿ ಈ ಕಾರು ಒಂದೇ. 2009ರಲ್ಲಿ ಅವರು ತೀರಿಕೊಂಡಾಗ ಮನೆಯವರು ಅಳಲಿಲ್ಲ. ಹೋಗಿ ಕಾರು ತೊಳೆದರು.

2015ರ ಡಿಸೆಂಬರ್ ನಿಮಗೂ ನೆನಪಿರಬೇಕು. ಅಡ್ಯಾರ್ ನದಿ ಉಕ್ಕಿತು. ಅಶೋಕ್‌ನಗರದ ನಮ್ಮ ಬೀದಿಯಲ್ಲಿ ಎದೆಮಟ್ಟ ನೀರು ನಿಂತಿತು. ಮೂರು ದಿನ ಮಾಳಿಗೆಯ ಮೇಲಿದ್ದು ಕೆಳಗಿಳಿದು ಬಂದಾಗ ಹೆರಾಲ್ಡಿನ ಸೀಟಿನ ಮೇಲೆ ಕೆಸರು, ಸ್ಟಿಯರಿಂಗಿಗೆ ಯಾರದೋ ಮನೆಯ ಪ್ಲಾಸ್ಟಿಕ್ ಕೊಡ ಸಿಕ್ಕಿಕೊಂಡಿತ್ತು. ಇನ್ಶೂರೆನ್ಸ್ ಇದೆಯಲ್ಲ ಎಂದು ನಾನೇ ಧೈರ್ಯ ಹೇಳಿದೆ. ಹತ್ತು ದಿನಕ್ಕೆ ಸರ್ವೇಯರ್ ಬಂದರು. ಟಾರ್ಚ್ ಹಾಕಿ ನೋಡಿದರು, ಆರ್.ಸಿ. ಪುಸ್ತಕ ನೋಡಿದರು, ಮತ್ತೆ ಟಾರ್ಚ್ ಹಾಕಿದರು. ಪುಸ್ತಕದಲ್ಲಿರುವ ಎಂಜಿನ್ ನಂಬರೇ ಬೇರೆ, ಇಲ್ಲಿರುವುದೇ ಬೇರೆ ಎಂದರು.

ನಮಗೆ ಮರೆತೇ ಹೋಗಿತ್ತು. 1991ರಲ್ಲಿ ಪೆಟ್ರೋಲಿನ ಖರ್ಚು ತಾಳಲಾರದೆ ಮಾವನವರು ಪುದುಪೇಟೆಯ ಮೇಸ್ತ್ರಿಯಿಂದ ಬೇರೊಂದು ಕಾರಿನ ಎಂಜಿನ್ ಕೂಡಿಸಿದ್ದರು. ಆರ್.ಟಿ.ಓ. ಕಚೇರಿಗೆ ತಿಳಿಸಿರಲಿಲ್ಲ. ವರ್ಷ ವರ್ಷ ಏಜೆಂಟರು ಹಳೆಯ ಕಾಗದ ನೋಡಿಯೇ ಪಾಲಿಸಿ ಬರೆದರು, ನಾವು ಹಣ ಕಟ್ಟಿದೆವು. ಕ್ಲೇಮು ಬಿದ್ದುಹೋಯಿತು. ಮರುವರ್ಷ ಥರ್ಡ್ ಪಾರ್ಟಿ ಮಾತ್ರ ಕೊಡುತ್ತೇವೆ ಎಂದರು. ಆ ಸರ್ವೇಯರನ್ನು ನಾನು ಮನಸಾರೆ ಶಪಿಸಿದ್ದೇನೆ. ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳಲು ಎರಡು ವರ್ಷ ಹಿಡಿಯಿತು.

ಪುದುಪೇಟೆಯ ಶೆಡ್ಡಿನಲ್ಲಿ ಕಾರು ಒಣಗಲು ಇಟ್ಟಾಗ ಅಲ್ಲಿ ಇನ್ನೂ ಅನೇಕ ಅನಾಥರಿದ್ದರು. ಒಬ್ಬ ತಮಿಳು ಮೇಷ್ಟರ ಫಿಯೆಟ್ 1100, ಒಂದು ಮಾರಿಸ್ ಮೈನರ್, ಎರಡು ಅಂಬಾಸಿಡರ್. ನಮ್ಮ ಬೆಂಗಳೂರಿನ ಸಿಪಾನಿ ಕಂಪನಿಯ ಡಾಲ್ಫಿನ್ ಕೂಡ ಒಂದಿತ್ತು. ಡಾಲ್ಫಿನ್ ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಭಾರತೀಯ ಅವತಾರ, ಮೈಯೆಲ್ಲ ಫೈಬರ್ ಗ್ಲಾಸ್. 1980ರ ದಶಕದಲ್ಲಿ ಷೋಳಾವರಂ ಓಟಗಳಲ್ಲಿ ಹೆಸರು ಮಾಡಿತ್ತು. ಅದರ ಯಜಮಾನರೂ ಕನ್ನಡದವರೇ. ಕಾರಿನ ನೆಪದಲ್ಲಿ ಪರಿಚಯವಾಗಿ ಈಗ ನಮ್ಮ ಮನೆಯ ಗೌರಿ ಹಬ್ಬಕ್ಕೆ ಬರುತ್ತಾರೆ. ಎಲ್ಲರದೂ ಒಂದೇ ಗೋಳು. ಕಾರಿಗೆ ಬೆಲೆಯೇ ಇಲ್ಲ ಎನ್ನುತ್ತಾರೆ, ಬೆಲೆ ಇಲ್ಲದ್ದಕ್ಕೆ ವಿಮೆ ಎಲ್ಲಿಂದ?

ನಿಯಮ ಹಾಗೆ ಹೇಳುವುದಿಲ್ಲ. 2002ರ ಮೋಟಾರ್ ಟ್ಯಾರಿಫ್ ಪುಸ್ತಕವನ್ನು ನಾನು ರಾತ್ರಿ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಓದಿದೆ. ಹೊಸ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿದು, ನಾಲ್ಕು ದಾಟಿ ಐದನೆಯ ವರ್ಷಕ್ಕೆ ಅರ್ಧವಾಗುತ್ತದೆ. ಐದು ವರ್ಷ ದಾಟಿದ ಮೇಲೆ ಬೆಲೆಯನ್ನು ಕಂಪನಿಯೂ ಮಾಲೀಕರೂ ಮಾತಾಡಿ ಒಪ್ಪಿಕೊಳ್ಳಬೇಕು. ಮಾತಾಡಿ! ನಾವು ಯಾರೂ ಮಾತೇ ಆಡಿರಲಿಲ್ಲ. ಇನ್ನೊಂದು ತಮಾಷೆಯೂ ಅದರಲ್ಲಿತ್ತು. ಹತ್ತು ವರ್ಷ ಮೀರಿದ ಕಾರಿನ ಕಬ್ಬಿಣದ ಭಾಗ ಬದಲಿಸಿದರೆ ಅರ್ಧ ಬೆಲೆ ಕಡಿತ. ಫೈಬರ್ ಗ್ಲಾಸಿಗೆ ಮಾತ್ರ ನೂರಕ್ಕೆ ಮೂವತ್ತು. ಎಲ್ಲರೂ ‘ಡಬ್ಬಿ’ ಎಂದು ನಗುತ್ತಿದ್ದ ಡಾಲ್ಫಿನ್ನಿನ ಯಜಮಾನರು ಅಂದು ಎಲ್ಲರಿಗೂ ಕಾಫಿ ಕೊಡಿಸಿದರು.

ದಾರಿ ತೋರಿಸಿದವನು ಇಂಗ್ಲೆಂಡಿನ ಕೊವೆಂಟ್ರಿಯಲ್ಲಿರುವ ನಮ್ಮ ಮೈದುನನ ಮಗ. ಅವನೂ ನಿಮ್ಮಂತೆ ಹೊರಗೆ ಹುಟ್ಟಿದ ಕನ್ನಡದ ಹುಡುಗ. ಹೆರಾಲ್ಡ್ ಮೂಲತಃ ಅವನೂರಿನ ಕಾರು. ಅಲ್ಲಿ ಕಿಟ್ ಕಾರ್ ಎಂಬುದೊಂದು ಹುಚ್ಚಿದೆ. ಬಾಡಿ, ಬಿಡಿಭಾಗಗಳನ್ನು ಕಂಪನಿಯಿಂದ ತರಿಸಿ, ಹಳೆಯ ಕಾರೊಂದರ ಚಾಸಿಯ ಮೇಲೆ ಮನೆಯಲ್ಲೇ ಜೋಡಿಸುವುದು. 1973ಕ್ಕೆ ಮೊದಲು ಬಿಡಿಭಾಗವಾಗಿ ಕೊಂಡರೆ ತೆರಿಗೆ ಉಳಿಯುತ್ತಿತ್ತಂತೆ. ತೆರಿಗೆ ಬದಲಾದರೂ ಹುಚ್ಚು ಉಳಿಯಿತು. ಹೆರಾಲ್ಡಿನ ಚಾಸಿ ಬಾಡಿಯಿಂದ ಬೇರೆಯಾಗಿರುವುದರಿಂದ ಅಂಥ ಅನೇಕ ಕಾರುಗಳಿಗೆ ಅದೇ ಬುನಾದಿ. ಇವನೂ ಒಂದು ಕಟ್ಟಿದ್ದಾನೆ. ನಮ್ಮ ಮಗ ಅದರ ಫೋಟೋ ನೋಡಿ, “ಅಮ್ಮಾ, ನಾವೂ ಒಂದು ಕಟ್ಟೋಣ” ಎಂದ. ನಮ್ಮ ದೇಶದಲ್ಲಿ ಮಾಡೆಲ್ಲಿಗೇ ಮೊದಲು ಪುಣೆಯಂಥ ಕಡೆ ಪರೀಕ್ಷೆಯಾಗಿ ಒಪ್ಪಿಗೆ ಬೇಕು. ಒಂದೇ ಒಂದು ಕಾರು ಜೋಡಿಸಿದವನಿಗೆ ಅದು ಕೈಗೆಟುಕದ ಮೆಟ್ಟಿಲು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ, ತಯಾರಕರು ಮಾಡಿದ ರೂಪಕ್ಕೆ ವಿರುದ್ಧವಾಗಿ ವಾಹನ ಬದಲಿಸಕೂಡದು ಎಂದಿತು.

ಅವನ ಊರಿನಲ್ಲಿ ಲೆಕ್ಕವೇ ಬೇರೆ. ಬಹಳ ಬದಲಾದ ಕಾರಿಗೆ ಆಗ ಅಂಕ ಕೊಡುತ್ತಿದ್ದರಂತೆ: ಚಾಸಿಗೆ ಐದು, ಸ್ಟಿಯರಿಂಗಿಗೆ ಎರಡು, ಎಂಜಿನ್ನಿಗೆ ಒಂದೇ ಒಂದು. ಹಳೆಯ ಚಾಸಿ ಸೇರಿ ಎಂಟು ಅಂಕ ಬಂದರೆ ಹಳೆಯ ನಂಬರು ಉಳಿಯುತ್ತಿತ್ತು. ನಮ್ಮ ಮನೆಯ ಮಾನ ಹೋದದ್ದು ಆ ಒಂದು ಅಂಕಕ್ಕೆ! ವಿಮೆಯ ವಿಷಯ ಕೇಳಿದೆ. ಅವನೆಂದ: “ದೊಡ್ಡಮ್ಮಾ, ಒಬ್ಬೊಬ್ಬರೇ ಹೋದರೆ ಫೋನ್ ಇಟ್ಟುಬಿಡ್ತಾರೆ. ಕ್ಲಬ್ಬಿನ ಮೂಲಕ ಹೋಗ್ತೀವಿ. ವರ್ಷಕ್ಕೆ ಎಷ್ಟು ಮೈಲಿ ಓಡಿಸ್ತೀವಿ, ಎಲ್ಲಿ ನಿಲ್ಲಿಸ್ತೀವಿ, ಎಷ್ಟು ಬೆಲೆ, ಎಲ್ಲಾ ಮೊದಲೇ ಬರೆದು ಒಪ್ಪಿಸ್ತೀವಿ.”

2018ರಲ್ಲಿ ನಮ್ಮ ಮಾಳಿಗೆಯ ಮೇಲೆ ಹದಿನಾಲ್ಕು ಮನೆಯವರು ಸೇರಿದರು. ನಾನು ನೂರು ಇಡ್ಲಿ ಮಾಡಿದ್ದೆ. ಕಂಪನಿಗಳನ್ನು ಬೈಯುವುದರಲ್ಲೇ ಒಂದು ಗಂಟೆ ಹೋಯಿತು. ಒಬ್ಬ ತರುಣರು, “ಥರ್ಡ್ ಪಾರ್ಟಿ ಬರೀ ಪೊಲೀಸರಿಗೆ ತೋರಿಸುವ ಕಾಗದ, ನಮ್ಮ ಕಾರಿಗೆ ಅದರಿಂದ ಏನು ಬಂತು?” ಎಂದರು. ನನಗೆ ಸುಮ್ಮನಿರಲಾಗಲಿಲ್ಲ. 1998ರಲ್ಲಿ ನಮ್ಮ ಮನೆಗೆ ಹಾಲು ತರುತ್ತಿದ್ದವರನ್ನು ಒಂದು ಕಾರು ಸೈಕಲ್ ಸಮೇತ ಬೀಳಿಸಿತು. ಆ ಕಾರಿನ ವಿಮೆ ಎರಡು ತಿಂಗಳ ಹಿಂದೆ ಮುಗಿದಿತ್ತು. ನ್ಯಾಯಾಲಯ ಪರಿಹಾರ ಬರೆಯಿತು, ಕೊಡಬೇಕಾದ ಮಾಲೀಕ ಮನೆ ಖಾಲಿ ಮಾಡಿ ಹೋಗಿದ್ದ. ಕಾಲು ಕಳೆದುಕೊಂಡ ಗಂಡನನ್ನು ಮನೆಯಲ್ಲಿ ಬಿಟ್ಟು ಆತನ ಹೆಂಡತಿ ಹತ್ತು ವರ್ಷ ಹಾಲು ಹಾಕಿದಳು. ತಮಿಳಿನಲ್ಲಿ ಇದನ್ನು ಹೇಳುವಾಗ ನನ್ನ ವ್ಯಾಕರಣವೆಲ್ಲ ತಪ್ಪಿತು, ಯಾರೂ ನಗಲಿಲ್ಲ. ಮೊದಲು ಎಲ್ಲರ ಥರ್ಡ್ ಪಾರ್ಟಿಯೂ ಒಂದು ದಿನವೂ ತಪ್ಪದಂತೆ ಇರಬೇಕು, ಎಂಜಿನ್ ನಂಬರು ಪುಸ್ತಕಕ್ಕೆ ಹೊಂದಬೇಕು, ಆಮೇಲೆ ಕಂಪನಿಯ ಬಾಗಿಲು ತಟ್ಟುವುದು ಎಂದು ತೀರ್ಮಾನವಾಯಿತು.

ಫೈಲುಗಳು ನನ್ನ ಪಾಲಿಗೆ ಬಂದವು. ಆರ್.ಸಿ. ಪ್ರತಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು, ನಾಲ್ಕೂ ಕಡೆಯ ಫೋಟೋ, ರಿಪೇರಿ ಬಿಲ್ಲುಗಳು, ಲೈಸೆನ್ಸ್ ಇರುವ ಸರ್ವೇಯರ್ ಒಬ್ಬರು ಬರೆದ ಬೆಲೆಪತ್ರ. ಪತ್ರವನ್ನೂ ನಾನೇ ಬರೆದೆ. ಮೈಸೂರಿನಲ್ಲಿ ಮೂರು ವರ್ಷ ವರ್ಡ್ಸ್‌ವರ್ತ್, ಹಾರ್ಡಿ ಎಂದು ಓದಿದ ಇಂಗ್ಲಿಷ್ ಬಿ.ಎ.ಗೆ ಕೊನೆಗೂ ಸಿಕ್ಕ ಕೆಲಸ ‘ವಿ ದಿ ಅಂಡರ್‌ಸೈನ್ಡ್’ ಎಂದು ಬರೆಯುವುದು. ಆರು ಕಂಪನಿಗೆ ಕಳಿಸಿದೆವು. ನಾಲ್ವರು ಉತ್ತರಿಸಲಿಲ್ಲ, ಒಬ್ಬರು ಆಗದು ಎಂದರು. ಆರನೆಯವರು, ಒಂದು ಭಾನುವಾರ ಎಲ್ಲ ಕಾರುಗಳನ್ನೂ ಒಂದೇ ಕಡೆ ನಿಲ್ಲಿಸಿ, ಬಂದು ನೋಡುತ್ತೇವೆ ಎಂದರು.

ಒಂಬತ್ತು ಕಾರುಗಳಿಗೆ ಒಪ್ಪಿದ ಬೆಲೆಯ ಪೂರ್ಣ ಪಾಲಿಸಿ ಸಿಕ್ಕಿತು. ಐದಕ್ಕೆ ಇಲ್ಲ. ಐದರಲ್ಲಿ ನಮ್ಮದೂ ಒಂದು. ಪತ್ರ ಬರೆದವಳಿಗೇ ಇಲ್ಲವಾಯಿತು ಎಂದು ಡಾಲ್ಫಿನ್ ಯಜಮಾನರ ಹೆಂಡತಿ ನನಗಿಂತ ಹೆಚ್ಚು ನೊಂದುಕೊಂಡರು.

ಆಗ ನಮ್ಮ ಮಗನಿಗೆ ಮೆಟ್ಟಿಲ ಕೆಳಗಿನ ಗೋಣಿಚೀಲ ನೆನಪಾಯಿತು. ಎಷ್ಟೋ ವರ್ಷದಿಂದ ನಾನು ಅದರ ಮೇಲೆ ಹಳೆಯ ಪೇಪರು ಪೇರಿಸುತ್ತಿದ್ದೆ. ಬಿಚ್ಚಿದರೆ ಒಳಗೆ ಗ್ರೀಸ್ ಬಳಿದ ಎಂಜಿನ್. ಪ್ರವಾಹದ ನೀರು ಅದನ್ನೂ ಬಿಟ್ಟಿರಲಿಲ್ಲ, ಆದರೂ ನಂಬರು ಓದಲು ಬರುತ್ತಿತ್ತು. ಪುಸ್ತಕದ ನಂಬರೇ! ಮಾವನವರು ಮಾರಿರಲಿಲ್ಲ. ಮನೆಯವರು ಟಾರ್ಚ್ ಹಿಡಿದು ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. 2009ರಲ್ಲಿ ಅಳದೇ ಇದ್ದದ್ದನ್ನು ಅಂದು ಅತ್ತರು.

ಮೇಸ್ತ್ರಿಗೆ ಅದನ್ನು ಎಬ್ಬಿಸಲು ಹದಿನಾಲ್ಕು ತಿಂಗಳು ಬೇಕಾಯಿತು. ಮಧ್ಯೆ ಕರೋನ ಬಂತು. 2021ರಲ್ಲಿ ಪೂರ್ಣ ಪಾಲಿಸಿ ಬಂತು. ಅದೇ ವರ್ಷ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ, ರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮ ತಂದಿತು. ಶುಲ್ಕ 20,000 ರೂ., ಹತ್ತು ವರ್ಷಕ್ಕೆ. 2022ರ ಜೂನ್ 1ರಿಂದ ಅಂಥ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ಅರ್ಧ. ನಮ್ಮ 948 ಸಿ.ಸಿ.ಗೆ 2,094 ರೂ. ಬದಲು 1,047. ಉಳಿತಾಯ ಲೆಕ್ಕ ಹಾಕಿ ಮಗ ಕುಣಿದ. ಆದರೆ ನಿಯಮದ ಕೆಳಗೆ ಇನ್ನೊಂದು ಸಾಲಿದೆ. ವಿಂಟೇಜ್ ಎಂದಾದ ಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಮಾತ್ರ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ.

ಅಪ್ಪ ಮಗನಿಗೆ ಇದರ ಮೇಲೆ ಇನ್ನೂ ಜಗಳವಿದೆ. ಮಗನಿಗೆ ಕಾರು ಪ್ರದರ್ಶನದಲ್ಲಿ ನಿಲ್ಲಬೇಕು. ಅವನಪ್ಪನಿಗೆ ಶನಿವಾರ ಸಂಜೆ ನನ್ನನ್ನು ಕೂರಿಸಿಕೊಂಡು ವೆಸ್ಟ್ ಮಾಂಬಲಂಗೆ ಹೋಗಿ ಹೂವು, ಅಪ್ಪಳ ತರಬೇಕು, ಅವರಪ್ಪ ಹೋಗುತ್ತಿದ್ದಂತೆ. ನನ್ನನ್ನು ಕೇಳಿದರೆ ಇಬ್ಬರಿಗೂ ಹೌದು ಎನ್ನುತ್ತೇನೆ. ಸದ್ಯಕ್ಕೆ ಪಾಲಿಸಿ ಗ್ಲೋವ್ ಬಾಕ್ಸಿನಲ್ಲಿದೆ, ಮಾವನವರ ಕನ್ನಡಕದ ಡಬ್ಬಿಯ ಪಕ್ಕ. ನವೀಕರಣದ ತಾರೀಖನ್ನು ಕ್ಯಾಲೆಂಡರಿನಲ್ಲಿ ಏಕಾದಶಿಗಳ ನಡುವೆ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ನಿಮ್ಮ ಅಜ್ಜನ ಕಾರೋ ಸ್ಕೂಟರೋ ಎಲ್ಲಾದರೂ ಮೂಲೆಯಲ್ಲಿದ್ದರೆ ಮೊದಲು ಪುಸ್ತಕ, ಟಾರ್ಚ್ ತೆಗೆದುಕೊಂಡು ಹೋಗಿ ನಂಬರು ನೋಡಿ. ಫೈಲು ಮಾಡಲು ನಾನಿದ್ದೇನೆ. ಇಡ್ಲಿಗೆ ಮುಂಚೆಯೇ ತಿಳಿಸಿ.