ಹಿಮಕರಡಿಯ ನಾಡಿಗೆ ಹೊರಡುವ ಮುನ್ನ

ಉತ್ತರ ಧ್ರುವವೆಂದೊಡನೆ ನಮ್ಮ ಕಲ್ಪನೆಯು ಒಂದೇ ಓಟಕ್ಕೆ ಭೂಗೋಳದ ತುತ್ತತುದಿಗೆ ಹೋಗಿ ನಿಲ್ಲುತ್ತದೆ. ಅಲ್ಲಿರುವುದಾದರೂ ಏನು? ಸಾಗರ, ಅದರ ಮೇಲೆ ತೇಲುವ ಮಂಜುಗಡ್ಡೆ. ಆ ನಾಡಿನ ಪಶುಪಕ್ಷಿಗಳನ್ನು ಕಾಣಬೇಕೆಂಬ ಪ್ರವಾಸಿಯು ಅಷ್ಟು ದೂರ ಹೋಗಬೇಕಾದುದಿಲ್ಲ. ಧ್ರುವಕ್ಕೆ ಸುಮಾರು 1,300 ಕಿಲೊಮೀಟರು ಈಚೆಗೆ, ನಾರ್ವೆ ದೇಶಕ್ಕೆ ಸೇರಿದ ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವುಂಟು. ಆ ಹೆಸರಿನ ಅರ್ಥ ‘ಶೀತಲ ತೀರ’. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಮೂರನೆಯ ಒಂದು ಪಾಲಿನಷ್ಟಿದ್ದು, ಅರ್ಧಕ್ಕೂ ಮಿಗಿಲಾದ ಭಾಗವು ಹಿಮನದಿಗಳಡಿಯಲ್ಲಿ ಹುದುಗಿದೆ. ಮರವೆಂಬುದು ಹೆಸರಿಗಷ್ಟೇ: ಇಲ್ಲಿಯ ವಿಲೋ ಗಿಡ ನೆಲವನ್ನು ತಬ್ಬಿಕೊಂಡು ಬೆಳೆಯುತ್ತದೆ. ಅದರ ನೆರಳಿನಲ್ಲಿ ಕುಳಿತುಕೊಳ್ಳುವ ಮಾತು ಹಾಗಿರಲಿ, ಅದನ್ನು ತುಳಿಯದೆ ನಡೆಯುವುದೇ ಪ್ರಯಾಸ.

ಕೆಲವು ಕಾಲದಿಂದ ಈ ಯಾತ್ರೆಯ ಯೋಜನೆಯಲ್ಲಿ ತೊಡಗಿರುವ ನನಗೆ, ಭೂಪಟವನ್ನು ಮೇಜಿನ ಮೇಲೆ ಹರಡಿದ ದಿನವೇ ಮನೆಯಾಕೆ ಒಂದು ಪ್ರಶ್ನೆ ಹಾಕಿದಳು: “ಅಷ್ಟು ದುಡ್ಡು ಸುರಿದು ಅಷ್ಟು ದೂರ ಹೋಗಿ, ಕರಡಿಯೇ ಕಾಣಿಸದೆ ಹೋದರೆ ಏನು ಮಾಡುತ್ತೀರಿ?” ವಿದ್ಯಾರ್ಥಿಗಳ ಪ್ರಶ್ನೆಯಾಗಿದ್ದರೆ ‘ನಾಳೆ ಹೇಳುತ್ತೇನೆ’ ಎಂದು ಪಾರಾಗಬಹುದಿತ್ತು. ಇದು ಅಂಥದಲ್ಲ. ಓದುತ್ತ ಹೋದಂತೆ ಇಡೀ ಯೋಜನೆಯ ಮರ್ಮವೇ ಈ ಪ್ರಶ್ನೆಯಲ್ಲಿದೆಯೆಂದು ತೋರಿತು.

ಮೊದಲು ತೀರ್ಮಾನಿಸಬೇಕಾದುದು ತಿಂಗಳನ್ನು. ನಮ್ಮ ಹದಿಮೂರನೆಯ ಅಕ್ಷಾಂಶದಲ್ಲಿ ದಿನವು ಕೊಂಚ ಹಿಗ್ಗುತ್ತದೆ, ಕೊಂಚ ಕುಗ್ಗುತ್ತದೆ, ಅಷ್ಟೆ. ಸ್ವಾಲ್ಬಾರ್ಡಿನ ಮುಖ್ಯ ಪಟ್ಟಣವಾದ ಲಾಂಗ್‌ಇಯರ್‌ಬಿಯೆನ್ ಇರುವುದು ಎಪ್ಪತ್ತೆಂಟನೆಯ ಅಕ್ಷಾಂಶದಲ್ಲಿ. ಅಕ್ಟೋಬರ್ ಕೊನೆಯಲ್ಲಿ ಮುಳುಗಿದ ಸೂರ್ಯನು ಫೆಬ್ರವರಿ ನಡುವಿನವರೆಗೆ ದಿಗಂತದಿಂದ ಮೇಲೇಳುವುದೇ ಇಲ್ಲ. ಎದ್ದ ಮೇಲೂ ಸುತ್ತಣ ಬೆಟ್ಟಗಳು ಅವನನ್ನು ಮರೆಮಾಡುವುದರಿಂದ, ಬಿಸಿಲು ಊರೊಳಕ್ಕೆ ಬೀಳುವುದು ಮಾರ್ಚ್ 8ರ ಸುಮಾರಿಗೆ. ಅಂದು ಊರಿನ ಜನರೆಲ್ಲ ಹಳೆಯ ಆಸ್ಪತ್ರೆಯ ಮೆಟ್ಟಿಲುಗಳಿದ್ದ ಜಾಗದಲ್ಲಿ ನೆರೆದು ಅವನನ್ನು ಬರಮಾಡಿಕೊಳ್ಳುತ್ತಾರೆ. ನಮ್ಮ ಸಂಕ್ರಾಂತಿಯ ಸೂರ್ಯನಿಗೆ ಇಂಥ ಸ್ವಾಗತವೆಲ್ಲಿ! ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 22ರ ಸುಮಾರಿನವರೆಗೆ ಅವನು ಮುಳುಗುವುದೇ ಇಲ್ಲ.

ಮಕ್ಕಳ ಶಾಲೆಗೆ ರಜೆಯಿರುವುದು ಏಪ್ರಿಲ್ ಮೇ ತಿಂಗಳುಗಳಲ್ಲಿ. ನಮ್ಮಂಥವರ ಮನಸ್ಸು ಸಹಜವಾಗಿ ಅತ್ತಲೇ ವಾಲುತ್ತದೆ. ಆಗ ಅಲ್ಲಿ ಬೆಳಕುಂಟು, ಆದರೆ ನೆಲವೆಲ್ಲ ಹಿಮಮಯ. ಸಂಚಾರವೇನಿದ್ದರೂ ಹಿಮದ ಮೇಲೆ ಓಡುವ ಮೋಟಾರು ಬಂಡಿಯಲ್ಲಿ, ಇಲ್ಲವೆ ನಾಯಿಗಳು ಎಳೆಯುವ ಜಾರುಬಂಡಿಯಲ್ಲಿ. ಈ ಋತುವಿನ ಸೊಬಗು ಅಪೂರ್ವವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಹಿಮದ ಗುಹೆಯಲ್ಲಿ ಮರಿಹಾಕಿದ ತಾಯಿ ಕರಡಿಯು ಹೊರಬರುವುದು ಮಾರ್ಚ್ ಏಪ್ರಿಲ್‌ಗಳಲ್ಲಿಯೇ. ತಿಂಗಳುಗಟ್ಟಲೆ ಉಪವಾಸವಿದ್ದು, ಎಳೆಯ ಮರಿಗಳಿಗೆ ಹಾಲೂಡುತ್ತ, ಕಡಲಚಾಚಿನ ಮಂಜಿನ ಮೇಲೆ ಸೀಲುಗಳ ಬೇಟೆಗೆ ಅದು ಹೊರಟಿರುತ್ತದೆ. ಸೀಲುಗಳು ಮರಿಹಾಕುವ ಕಾಲವೂ ಅದೇ. ವರ್ಷದ ಈ ಎರಡು ಮೂರು ತಿಂಗಳಲ್ಲಿ ಮೈಗೂಡಿಸಿಕೊಂಡ ಕೊಬ್ಬೇ ಅದಕ್ಕೆ ಉಳಿದ ತಿಂಗಳುಗಳ ಬುತ್ತಿ. ಬೇಟೆಗೆ ಹೊಂಚುತ್ತಿರುವ ಕರಡಿಯ ಬಳಿ ಬಂಡಿಯೊಂದು ಗುಡುಗುಡಿಸಿ ಬಂದರೆ, ಬಂದವನಿಗೆ ಒಂದು ಛಾಯಾಚಿತ್ರ, ಅದಕ್ಕೆ ಒಂದು ಹೊತ್ತಿನ ಊಟದ ನಷ್ಟ.

ಜುಲೈ ತಿಂಗಳ ಮಾತೇ ಬೇರೆ. ಕಣಿವೆಗಳಲ್ಲಿ ಹಿಮ ಕರಗಿ, ಸರಾಸರಿ ಉಷ್ಣತೆ ಆರೇಳು ಡಿಗ್ರಿಗೆ ಏರಿರುತ್ತದೆ. ಗೇಣುದ್ದವೂ ಇಲ್ಲದ ಗಿಡಗಳಲ್ಲಿ ಹೂವು. ಕಡಲು ತೆರೆದಿರುವುದರಿಂದ ಹಡಗಿನ ಸಂಚಾರ. ಮತ್ತು ಹಕ್ಕಿಗಳು! ಹಿನ್ಲೋಪನ್ ಜಲಸಂಧಿಯ ಅಂಚಿನಲ್ಲಿ ಆಲ್ಕೆಫ್ಯೆಲ್ಲೆಟ್ ಎಂಬ ಕರಿಗಲ್ಲಿನ ಕಡಿದಾದ ಬಂಡೆಗೋಡೆಯಿದೆ. ಗಿಲ್ಲೆಮಾಟ್ ಎಂಬ ಕಪ್ಪುಬಿಳುಪಿನ ಕಡಲಹಕ್ಕಿಗಳು ಸುಮಾರು ಅರವತ್ತು ಸಾವಿರ ಜೋಡಿ ಅಲ್ಲಿ ನೆರೆಯುತ್ತವೆ. ಗೂಡೆಂಬುದಿಲ್ಲ; ಬರಿಯ ಕಲ್ಲಿನ ಅಂಚಿನ ಮೇಲೆ ಒಂದೇ ಮೊಟ್ಟೆ. ಮರಿಗೆ ಮೂರು ವಾರ ತುಂಬುವ ಹೊತ್ತಿಗೆ, ರೆಕ್ಕೆ ಇನ್ನೂ ಬಲಿಯದಿರುವಾಗಲೇ, ಅದು ಆ ಎತ್ತರದಿಂದ ಕಡಲಿಗೆ ಧುಮುಕುತ್ತದೆ. ಕೆಳಗೆ ಅದನ್ನು ಕೂಡಿಕೊಂಡು ಈಜುತ್ತ ಕರೆದೊಯ್ಯುವುದು ತಾಯಿಯಲ್ಲ, ತಂದೆ. ನೀರಿಗೆ ಬೀಳದೆ ನೆಲಕ್ಕೆ ಬಿದ್ದ ಮರಿಗಳನ್ನು ನರಿ ಕಾದಿರುತ್ತದೆ. ಇದನ್ನು ನೋಡಬೇಕಾದರೆ ಜುಲೈ ಕೊನೆಯಿಂದ ಆಗಸ್ಟ್ ಮೊದಲ ವಾರಗಳವರೆಗಿನ ಕಾಲವೇ ತಕ್ಕುದು. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವ ನಮ್ಮ ನದಿರೀವದ ದೂರದ ಬಂಧುವಾದ ಆರ್ಕ್ಟಿಕ್ ರೀವವೂ ಆಗ ಅಲ್ಲಿರುತ್ತದೆ. ವರ್ಷಕ್ಕೊಮ್ಮೆ ದಕ್ಷಿಣ ಧ್ರುವದ ಕಡಲಿಗೆ ಹೋಗಿ ಮರಳುವ ಈ ಹಕ್ಕಿಯ ಗೂಡಿನ ಬಳಿ ಸುಳಿದರೆ ನೆತ್ತಿಯ ಮೇಲೆ ಕುಕ್ಕಿ ಓಡಿಸುತ್ತದೆ. ಕೋಲನ್ನೋ ಕೈಯನ್ನೋ ತಲೆಗಿಂತ ಮೇಲೆತ್ತಿ ಹಿಡಿದು ದೂರ ಸರಿಯುವುದೇ ಮರ್ಯಾದೆ. ಆದ್ದರಿಂದ ನನ್ನ ಮತ ಜುಲೈಗೆ. ರಜೆಯ ಚಿಂತೆಯನ್ನು ವಿಶ್ವವಿದ್ಯಾನಿಲಯಕ್ಕೆ ಬಿಟ್ಟಿದ್ದೇನೆ.

ಕಾಗದಪತ್ರದ ವಿಷಯದಲ್ಲಿ ಒಂದು ವಿನೋದವಿದೆ. 1920ರಲ್ಲಿ ಪ್ಯಾರಿಸಿನಲ್ಲಿ ಆದ ಒಪ್ಪಂದವು ಈ ದ್ವೀಪಗಳನ್ನು ನಾರ್ವೆಗೆ ವಹಿಸಿತಾದರೂ, ಸಹಿಮಾಡಿದ ಇತರ ದೇಶಗಳ ಪ್ರಜೆಗಳಿಗೂ ಅಲ್ಲಿ ಪ್ರವೇಶದ ಹಕ್ಕನ್ನಿತ್ತಿತು. ಬ್ರಿಟಿಷ್ ಚಕ್ರಾಧಿಪತ್ಯದ ಅಂಗವಾಗಿ ಭಾರತದ ಹೆಸರಿನಲ್ಲಿಯೂ ಆಗ ಸಹಿಯಾಯಿತು. ಸ್ವಾಲ್ಬಾರ್ಡಿಗೆಂದೇ ಯಾವ ವೀಸಾವೂ ಬೇಡ. ಆದರೆ ವಿಮಾನವು ಓಸ್ಲೊ ಅಥವಾ ಟ್ರಾಮ್ಸೊ ಮಾರ್ಗವಾಗಿಯೇ ಹೋಗುವುದರಿಂದ ಷೆಂಗೆನ್ ವೀಸಾ ಅನಿವಾರ್ಯ. ದ್ವೀಪಗಳು ಆ ವಲಯದ ಹೊರಗಿರುವುದರಿಂದ ಅದು ಎರಡು ಸಲದ ಪ್ರವೇಶಕ್ಕೆ ಸಲ್ಲುವಂಥದಾಗಿರಬೇಕು. ಒಂದೇ ಪ್ರವೇಶದ ವೀಸಾ ಹಿಡಿದು ಹೋದವನು ಹಿಂದಿರುಗುವಾಗ ತೊಡಕಿಗೆ ಸಿಲುಕುತ್ತಾನೆ.

ಇನ್ನು ಕರಡಿ. ಸ್ವಾಲ್ಬಾರ್ಡಿನಲ್ಲಿಯೇ ನೆಲಸಿದ ಕರಡಿಗಳು ಮುನ್ನೂರರ ಆಸುಪಾಸು. ಸುತ್ತಣ ಬ್ಯಾರೆಂಟ್ಸ್ ಸಮುದ್ರದ ಪ್ರದೇಶವನ್ನೆಲ್ಲ ಸೇರಿಸಿದರೆ 2004ರ ಅಂದಾಜಿನಂತೆ ಸುಮಾರು 2,650. ಈಗ ಉಳಿದಿರುವುದೂ ಕಾನೂನಿನ ದೆಸೆಯಿಂದ. ಈ ದ್ವೀಪಗಳ ಚರಿತ್ರೆಯೆಂದರೆ ಬಹುಕಾಲ ಕೊಲೆಯ ಚರಿತ್ರೆ. 1596ರಲ್ಲಿ ಡಚ್ ನಾವಿಕ ಬ್ಯಾರೆಂಟ್ಸ್ ಇವನ್ನು ಕಂಡ ಮೇಲೆ, ತಿಮಿಂಗಿಲ ಬೇಟೆಗಾರರು ಬಂದು ‘ಕೊಬ್ಬಿನ ಊರು’ ಎಂಬರ್ಥದ ಸ್ಮೀರೆನ್‌ಬುರ್ಗ್ ಕಟ್ಟಿ ಎಣ್ಣೆ ಕಾಯಿಸಿದರು. ಇಲ್ಲಿಯ ದೊಡ್ಡ ತಿಮಿಂಗಿಲಗಳು ನಿಶ್ಶೇಷವಾಗುವ ಮಟ್ಟಿಗೆ ಬಂದುವು. ಅನಂತರ ದಂತಕ್ಕಾಗಿ ವಾಲ್ರಸ್, ಮಾಂಸಕ್ಕಾಗಿ ಹಿಮಸಾರಂಗ, ತೊಗಲಿಗಾಗಿ ಕರಡಿ ಮತ್ತು ನರಿ. ಸಾರಂಗಕ್ಕೆ 1925ರಲ್ಲಿ, ವಾಲ್ರಸಿಗೆ 1952ರಲ್ಲಿ, ಕರಡಿಗೆ 1973ರಲ್ಲಿ ರಕ್ಷಣೆ ದೊರೆಯಿತು. ಬೇಟೆ ಬಹುಮಟ್ಟಿಗೆ ನಿಂತಿತು. ನಿಂತ ಮೇಲೆ ಬಂದವನು ಪ್ರವಾಸಿ.

ಪ್ರವಾಸಿಯ ಕೈಯಲ್ಲಿ ಕ್ಯಾಮರಾ ಮಾತ್ರವಿದ್ದರೂ ಕರಡಿ ಸತ್ತ ಪ್ರಸಂಗಗಳುಂಟು. 2018ರ ಜುಲೈಯಲ್ಲಿ ಪ್ರವಾಸಿ ಹಡಗೊಂದರ ಕಾವಲುಗಾರರು, ಪ್ರಯಾಣಿಕರನ್ನು ಇಳಿಸುವ ಮುನ್ನ ದಡವನ್ನು ಪರೀಕ್ಷಿಸಲು ಹೋದಾಗ, ಕರಡಿಯು ಒಬ್ಬನ ಮೇಲೆ ಎರಗಿತು. ಅವನು ಗಾಯಗೊಂಡು ಬದುಕಿದ. ಕರಡಿಗೆ ಗುಂಡು ತಾಗಿತು. 2011ರಲ್ಲಿ ಶಿಬಿರದ ಬಾಲಕನೊಬ್ಬನೂ, 2020ರಲ್ಲಿ ವಿಮಾನನಿಲ್ದಾಣದ ಸಮೀಪದಲ್ಲಿಯೇ ಡೇರೆಯಲ್ಲಿ ಮಲಗಿದ್ದವನೊಬ್ಬನೂ ಪ್ರಾಣ ತೆತ್ತರು. ಎರಡು ಸಲವೂ ಕರಡಿಯೂ ಉಳಿಯಲಿಲ್ಲ. ಊರಿನ ಎಲ್ಲೆ ದಾಟುವವರು ಕರಡಿಯನ್ನು ಬೆದರಿಸಿ ಓಡಿಸುವ ಸಾಧನವನ್ನು ಒಯ್ಯಲೇಬೇಕೆಂಬುದು ಅಲ್ಲಿಯ ನಿಯಮ. ಬಂದೂಕೂ ಜೊತೆಗಿರಲೆಂದು ಅಧಿಕಾರಿಗಳ ಸಲಹೆ. ಕೋವಿ ಹಿಡಿಯದ ನಮ್ಮಂಥವರಿಗೆ ಅನುಭವಸ್ಥ ಮಾರ್ಗದರ್ಶಿಯೇ ಗತಿ.

2025ರ ಜನವರಿ 1ರಿಂದ ನಿಯಮವು ಇನ್ನೂ ಬಿಗಿಯಾಗಿದೆ. ಕರಡಿಯಿಂದ 300 ಮೀಟರು ದೂರವಿರಬೇಕು. ಮಾರ್ಚ್ 1ರಿಂದ ಜೂನ್ 30ರವರೆಗೆ 500 ಮೀಟರು. ಹಡಗಿಗೂ ಇದೇ ಕಟ್ಟಳೆ. ಸಂರಕ್ಷಿತ ಪ್ರದೇಶಗಳಿಗೆ ಇನ್ನೂರಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಹೋಗುವಂತಿಲ್ಲ. ಅಲ್ಲಿ ದಡಕ್ಕಿಳಿಯಲು ಗೊತ್ತುಮಾಡಿದ 43 ಸ್ಥಳಗಳು ಮಾತ್ರ. 500 ಮೀಟರು ದೂರದ ಕರಡಿಯೆಂದರೆ ಬರಿಗಣ್ಣಿಗೆ ಹಿಮದ ಮೇಲೊಂದು ಮಾಸಲು ಚುಕ್ಕೆ. ಇದನ್ನು ಕಂಡು ಪ್ರವಾಸ ವ್ಯವಹಾರದವರಲ್ಲಿ ಗೊಣಗಿದವರಿದ್ದಾರೆ. ನನಗೆ ಈ ದೂರವೇ ಯೋಗ್ಯವೆನಿಸುತ್ತದೆ. ಕಡಲ ಮಂಜು ವರ್ಷ ವರ್ಷವೂ ಬೇಗನೆ ಕರಗುತ್ತಿದೆ. ಸ್ವಾಲ್ಬಾರ್ಡಿನ ವಿಮಾನನಿಲ್ದಾಣದಲ್ಲಿ 2020ರ ಜುಲೈ 25ರಂದು 21.7 ಡಿಗ್ರಿ ಉಷ್ಣತೆ ದಾಖಲಾಯಿತು. ಮಂಜಿಲ್ಲದ ಕಡಲಲ್ಲಿ ಕರಡಿ ಸೀಲನ್ನು ಹಿಡಿಯಲಾರದು. ದಡದಲ್ಲಿ ಅಲೆಯುತ್ತ ಹೆಬ್ಬಾತುಗಳ ಮೊಟ್ಟೆ ತಿಂದು ಹೊಟ್ಟೆ ಹೊರೆಯುವ ಕರಡಿಗಳನ್ನು ಈಗ ಕಾಣುತ್ತಾರೆ. ಅಂಥ ಪ್ರಾಣಿಯನ್ನು ಬೆನ್ನಟ್ಟಿ ‘ಸಮೀಪದರ್ಶನ’ ಪಡೆಯುವುದು ಯಾವ ರಸಿಕತೆ? ಕರಡಿಯನ್ನು ತೋರಿಸುವೆವೆಂದು ಖಾತರಿ ಕೊಡುವ ಹಡಗಿನ ಜಾಹಿರಾತು ಕಂಡರೆ, ಆ ಪುಟವನ್ನು ಮಗುಚುವುದೇ ಲೇಸು.

ಉಡುಪಿನ ವಿಚಾರದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ: ಒಂದು ದಪ್ಪ ಕೋಟಿಗಿಂತ ಉಣ್ಣೆಯ ಎರಡು ಮೂರು ತೆಳುವಾದ ಪದರಗಳು, ಮೇಲೆ ಗಾಳಿ ತಡೆಯುವ ನಿಲುವಂಗಿ. ಪಾದರಕ್ಷೆಯನ್ನು ಮಾತ್ರ ಒಳ್ಳೆಯದಾಗಿ ಕೊಳ್ಳಬೇಕು. ಅದನ್ನು ಬಾಗಿಲಲ್ಲಿ ಬಿಡಲು ಸಿದ್ಧರಾಗಿಯೂ ಇರಬೇಕು. ಕಲ್ಲಿದ್ದಲ ಗಣಿಯ ಕಾಲದಲ್ಲಿ ಮಸಿ ಮನೆಯೊಳಕ್ಕೆ ಬಾರದಿರಲೆಂದು ಹುಟ್ಟಿದ ಪದ್ಧತಿಯು, ಅಲ್ಲಿಯ ಹಲವು ಹೋಟೆಲು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ನಡೆದುಬಂದಿದೆ. ಹೊಸ್ತಿಲಲ್ಲಿ ಜೋಡು ಕಳಚುವ ನಮಗೆ ಆ ಊರು ಅಷ್ಟರಮಟ್ಟಿಗೆ ಪರಕೀಯವಾಗದು.

ಊರಿನ ಹತ್ತಿರದ ಬೆಟ್ಟದೊಳಗೆ 2008ರಲ್ಲಿ ತೆರೆದ ಬೀಜಭಂಡಾರವಿದೆ. ಒಳಗೆ ಪ್ರವೇಶವಿಲ್ಲ, ಬಾಗಿಲನ್ನು ನೋಡಿ ಬರಬಹುದು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯು ಕಳುಹಿಸಿದ ಜೋಳ, ಸಜ್ಜೆ, ಕಡಲೆಗಳ ಬೀಜಗಳೂ ಆ ಬಾಗಿಲ ಹಿಂದೆ ನಿದ್ರಿಸುತ್ತಿವೆ. ವಾಯವ್ಯಕ್ಕೆ ನೂರಕ್ಕೂ ಹೆಚ್ಚು ಕಿಲೊಮೀಟರಿನಾಚೆ, ನೈ-ಓಲೆಸುಂಡಿನಲ್ಲಿ, ಅದೇ ವರ್ಷ ಸ್ಥಾಪನೆಯಾದ ಭಾರತದ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ಇದೆ. ಎರಡು ಊರುಗಳ ನಡುವೆ ರಸ್ತೆಯಿಲ್ಲ.

ಮನೆಯಾಕೆಯ ಪ್ರಶ್ನೆಗೆ ನನ್ನ ಉತ್ತರ ಸಿದ್ಧವಾಗಿದೆ. ಕರಡಿ ಕಾಣದಿದ್ದರೆ ಸಾರಂಗವನ್ನು ನೋಡುತ್ತೇನೆ. ಒಂದು ಕಾಲಕ್ಕೆ ಅಳಿವಿನ ಅಂಚಿಗೆ ಬಂದಿದ್ದ, ಕುಳ್ಳಗಾಲಿನ ಆ ಸಾಧುಪ್ರಾಣಿ ನೂರು ವರ್ಷಗಳ ರಕ್ಷಣೆಯಿಂದ ಈಗ ಇಪ್ಪತ್ತು ಸಾವಿರಕ್ಕೂ ಮಿಗಿಲಾಗಿದೆ. ಅದನ್ನು ನೋಡಲು ಹಡಗು ಬೇಡ, ಕೋವಿಯೂ ಬೇಡ. ಲಾಂಗ್‌ಇಯರ್‌ಬಿಯೆನ್ನಿನ ಮನೆಗಳ ನಡುವೆಯೇ ಅದು ಬಂದು ಮೇಯುತ್ತದೆ.