ಎಫ್‌ಎಕ್ಸ್ 2 ಸಾಕೋ, 3 ಬೇಕೋ

ಆಫೀಸಿಗೆ ಸೈಕಲ್ಲಲ್ಲೇ ಹೋಗಬೇಕು ಅಂತಿರೋ ಗೆಳೆಯರ ಪ್ರಶ್ನೆ: ಟ್ರೆಕ್ ಎಫ್‌ಎಕ್ಸ್ 2 ತಗೊಳ್ಳಲೋ, 3 ತಗೊಳ್ಳಲೋ?

ಡಿಸ್ಕ್ ಬ್ರೇಕಿನ ಮಾದರಿಗಳನ್ನೇ ನೋಡಿ. ಎರಡಕ್ಕೂ ಅಲ್ಯೂಮಿನಿಯಂ ಫ್ರೇಮು, ಎರಡಕ್ಕೂ ಹೈಡ್ರಾಲಿಕ್ ಬ್ರೇಕು. ಮಳೆಯಲ್ಲೂ ಒಂದೆರಡು ಬೆರಳಲ್ಲೇ ಹಿಡಿಯಬಹುದು. ಕ್ಯಾರಿಯರ್, ಮಡ್‌ಗಾರ್ಡ್ ಎರಡಕ್ಕೂ ಕೂರುತ್ತೆ.

3ರಲ್ಲಿ ಹೆಚ್ಚಿನ ದುಡ್ಡಿಗೆ ಸಿಗೋದು ಮುಖ್ಯವಾಗಿ ಕಾರ್ಬನ್ ಫೋರ್ಕು. ತುಸು ಹಗುರ, ಕೈಗೆ ನಡುಕ ಸ್ವಲ್ಪ ಕಡಿಮೆ. ಆದರೆ ಬೆಂಗಳೂರಿನ ಗುಂಡಿಗಳ ಮುಂದೆ ಅದರ ಆಟ ಎಷ್ಟು ನಡೆದೀತು? ಟೈರಿನ ಗಾಳಿ ಒಂಚೂರು ಇಳಿಸಿದರೆ ಅದಕ್ಕಿಂತ ಸುಖ, ಅದೂ ಬಿಟ್ಟಿ. (ತೀರಾ ಇಳಿಸಬೇಡಿ. ಗುಂಡಿಯ ಅಂಚಿಗೆ ಬಡಿದಾಗ ರಿಮ್ಮು ಟ್ಯೂಬನ್ನು ಕಚ್ಚಿ ಪಂಕ್ಚರ್ ಮಾಡುತ್ತೆ.)

ಈಚಿನ 3ರಲ್ಲಿ ಮುಂದೆ ಒಂದೇ ಚೈನ್‌ರಿಂಗ್, ಎಡಗೈಗೆ ಗೇರಿನ ಗೊಡವೆ ಇಲ್ಲ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತುಳಿಯೋರಿಗೆ ಇದು ನಿಜಕ್ಕೂ ಹಿತ. ನಾನು ದುಡ್ಡು ಕೊಟ್ಟರೆ ಫೋರ್ಕಿಗಲ್ಲ, ಇದಕ್ಕೆ.

ಆದರೂ ನನ್ನ ಓಟು 2ಕ್ಕೇ. ಉಳಿದ ದುಡ್ಡಲ್ಲಿ ಹೆಲ್ಮೆಟ್, ಹಿಂದೆ ಮುಂದೆ ದೀಪ, ಮಡ್‌ಗಾರ್ಡ್ ಬಂದಾವು. ಮೆಟ್ರೋ ಸ್ಟೇಷನ್ನಿನ ಹೊರಗೆ ದಿನವಿಡೀ ಸೈಕಲ್ ಬಿಡೋರು ಬೀಗಕ್ಕೆ ಮಾತ್ರ ಜಿಪುಣತನ ತೋರಿಸಬೇಡಿ, ತೆಳ್ಳನೆ ಕೇಬಲ್ ಬೀಗವನ್ನ ಕಟರಲ್ಲಿ ಸುಲಭವಾಗಿ ಕತ್ತರಿಸ್ತಾರೆ.