ಹಿತ್ತಾಳೆ ಕೊಳವಿಯ ಕಸುವು

ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದು, ದನಿ ಜೊಂಡಿನದು. ಬಾಯಿಗಿಡುವ ತುದಿಗೆ ಬಿಗಿದ ತೆಳ್ಳನೆಯ ರೀಡು ಉಸಿರಿಗೆ ಅದುರುತ್ತದೆ. ಆ ಅದುರು ಕೆಳಕೆಳಗೆ ಅಗಲವಾಗುತ್ತ ಹೋಗುವ ಕೊಳವಿಯಲ್ಲಿ ಮೊಳಗಾಗಿ ಹೊರಬೀಳುತ್ತದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಇದರ ಪೇಟೆಂಟ್ ಪಡೆದ. ಮೊದಲಿಗೆ ಮಿಲಿಟರಿ ಬ್ಯಾಂಡುಗಳು ಈ ವಾದ್ಯವನ್ನು ಸಾಕಿದವು. ಇದರೊಳಗಿದ್ದ ರೊಚ್ಚನ್ನು ಪೂರ್ತಿ ಹೊರಗೆಳೆದವರು ಅಮೆರಿಕದ ಕಪ್ಪು ಜನಾಂಗದ ವಾದಕರು, 1940ರ ದಶಕದ ರಿದಮ್ ಅಂಡ್ ಬ್ಲೂಸ್ ಗ್ರಾಮಫೋನ್ ತಟ್ಟೆಗಳಲ್ಲಿ.

ಯುದ್ಧಕಾಲದಲ್ಲಿ ದೊಡ್ಡ ಬ್ಯಾಂಡುಗಳನ್ನು ಸಾಕುವುದು ದುಬಾರಿಯಾದಾಗ ಸ್ಯಾಕ್ಸೊಫೋನ್ ವಾದಕ ಲೂಯಿ ಜೋರ್ಡನ್ 'ಟಿಂಪನಿ ಫೈವ್' ಎಂಬ ಚಿಕ್ಕ ಮೇಳದಲ್ಲೇ ಅಷ್ಟು ಸದ್ದು ಎಬ್ಬಿಸಿ ತೋರಿಸಿದ. ಅವನ 'ಚೂ ಚೂ ಚ್‌ಬೂಗಿ' 1946ರಲ್ಲಿ ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ 18 ವಾರ ಮೊದಲ ಸ್ಥಾನ ಬಿಡಲಿಲ್ಲ. ಆ ಪಟ್ಟಿಗೆ ರಿದಮ್ ಅಂಡ್ ಬ್ಲೂಸ್ ಎಂಬ ಹೆಸರನ್ನು 'ಬಿಲ್‌ಬೋರ್ಡ್' ಪತ್ರಿಕೆ ಕೊಟ್ಟದ್ದು 1949ರಲ್ಲಿ.

ಆದರೆ ಕಿಡಿ ಹೊತ್ತಿದ್ದು ಅದಕ್ಕೂ ಮೊದಲೇ. 1942ರಲ್ಲಿ ಲಯನಲ್ ಹ್ಯಾಂಪ್ಟನ್ ತಂಡ ಧ್ವನಿಮುದ್ರಿಸಿದ 'ಫ್ಲೈಯಿಂಗ್ ಹೋಮ್' ನಡುವೆ ಇಲಿನಾಯ್ ಜಾಕೆ ಟೆನರ್ ಸ್ಯಾಕ್ಸೊಫೋನ್ ಎತ್ತಿಕೊಳ್ಳುತ್ತಾನೆ. ಮೊದಲು ನಯವಾಗಿ ಹಾಡುತ್ತ ಹೋಗಿ, ಮುಂದೆ ಒಂದೇ ಸ್ವರವನ್ನು ಹಿಡಿದು ಮತ್ತೆ ಮತ್ತೆ ಗುದ್ದುತ್ತಾನೆ. ಸ್ವರ ಬದಲಾಗುವುದಿಲ್ಲ, ಒತ್ತಡ ಮಾತ್ರ ಏರುತ್ತದೆ. ಕೇಳುಗ ತುದಿಗಾಲಲ್ಲಿ ನಿಲ್ಲುವುದು ಅಲ್ಲೇ. ಆ ತುಣುಕು ಎಷ್ಟು ಜನಪ್ರಿಯವಾಯಿತೆಂದರೆ, ಜಾಕೆಯ ನಂತರ ಆ ಜಾಗಕ್ಕೆ ಬಂದವರೂ ಅದನ್ನೇ ನುಡಿಸಬೇಕಾಯಿತು. 1949ರಲ್ಲಿ ಬಿಗ್ ಜೇ ಮ್ಯಾಕ್‌ನೀಲಿಯ 'ಡೀಕನ್ಸ್ ಹಾಪ್' ಪಟ್ಟಿಯ ತುದಿ ಮುಟ್ಟಿತು. ವೇದಿಕೆಯ ಮೇಲೆ ಅಂಗಾತ ಮಲಗಿ ಊದುತ್ತಿದ್ದ ಅವನದು ಬರೀ ಆಟವಲ್ಲ, ಗಟ್ಟಿ ವಿದ್ಯೆ. ಕೆಳಸ್ವರವನ್ನು ಗೂಳಿಯ ಗುಟುರಿನಂತೆ ಹೊರಡಿಸಲು ಹೊಟ್ಟೆಯಿಂದ ಉಸಿರು ಬೇಕು. ಊದುತ್ತಲೇ ಗಂಟಲಲ್ಲಿ ಗುನುಗಿದರೆ ದನಿ ಒರಟಾಗುತ್ತದೆ. ತುಟಿ, ಗಂಟಲುಗಳ ಹಿಡಿತ ಬದಲಿಸಿದರೆ ವಾದ್ಯದ ಸಾಮಾನ್ಯ ಎಲ್ಲೆ ದಾಟಿದ ಕಿರುಚು ಸಿಗುತ್ತದೆ. ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ, ಮೇಳವೆಲ್ಲ ಒಂದೇ ಕೋಣೆಯಲ್ಲಿ. ಆ ಧಗೆ ಇಂದಿಗೂ ಆರಿಲ್ಲ.

ಶೇಡಬಾಳ, ಕಾಗವಾಡ, ಅಥಣಿ ಕಡೆಯವರಿಗೆ ಈ ಸದ್ದು ಪರಕೀಯ ಅನಿಸಬೇಕಿಲ್ಲ. ಈ ಸೀಮೆಯ ಜಾತ್ರೆ, ಮದುವೆಗಳ ಸನಾದಿಯೂ ರೀಡಿನ ವಾದ್ಯವೇ, ಅದರ ಕೊಳವಿಯೂ ಕೆಳಗೆ ಅಗಲ. ಹೀಗಿರುವುದರಿಂದಲೇ ಎರಡರಲ್ಲೂ ಉಸಿರು ಬಿಗಿದು ಊದಿದರೆ ಸ್ವರ ನೇರ ಮೇಲಿನ ಸ್ಥಾಯಿಗೆ ನೆಗೆಯುತ್ತದೆ. ಕರಡಿ ಮಜಲು ಎಂಬ ಜನಪದ ಮೇಳದಲ್ಲಿ ಚರ್ಮವಾದ್ಯದ ಅಬ್ಬರವನ್ನು ಸೀಳಿಕೊಂಡು ಸನಾದಿ ಏಳುವಾಗ ಅದು ಮಾಡುವ ಕೆಲಸವನ್ನೇ ಜಾಕೆಯ ಟೆನರ್ ಡ್ರಮ್ಮಿನ ಮೇಲೆ ಮಾಡುತ್ತದೆ. 1977ರ 'ಸನಾದಿ ಅಪ್ಪಣ್ಣ' ಚಿತ್ರಕ್ಕೆ ಬಿಸ್ಮಿಲ್ಲಾ ಖಾನ್ ನುಡಿಸಿದ ಮೇಲೆ ಸನಾದಿಯ ದನಿ ನಾಡಿನ ಮನೆಮನೆಗೂ ಮುಟ್ಟಿತು.

ಸ್ಯಾಕ್ಸೊಫೋನನ್ನು ಕನ್ನಡ ನಾಡಿನದಾಗಿಸಿದವರು ಕದ್ರಿ ಗೋಪಾಲನಾಥ್. ಬಂಟ್ವಾಳ ಸೀಮೆಯಲ್ಲಿ 1949ರಲ್ಲಿ ಹುಟ್ಟಿದ ಅವರು ನಾಗಸ್ವರ ವಾದಕರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಅದರಲ್ಲಿ ಕರ್ನಾಟಕ ಸಂಗೀತದ ಗಮಕ ಒಲಿಸಿಕೊಳ್ಳಲು ವರ್ಷಗಟ್ಟಲೆ ದುಡಿದರು. ಕೀಲಿ ಒತ್ತಿದರೆ ಒಂದೊಂದೇ ಸ್ವರ ಕೊಡುವ ವಾದ್ಯದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದು ಸುಲಭವಲ್ಲ. 1980ರಲ್ಲಿ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯೊಂದಿಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ವೇದಿಕೆ ಏರಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಜಾಕೆಯದು ಗುದ್ದು, ಕದ್ರಿಯವರದು ಜಾರು. ಎರಡಕ್ಕೂ ಬಂಡವಾಳ ಉಸಿರೇ. ಕೇಳಲು ಹೊರಡುವವರು 'ಫ್ಲೈಯಿಂಗ್ ಹೋಮ್'ನಿಂದ ತೊಡಗಿ, 'ಡೀಕನ್ಸ್ ಹಾಪ್' ಮುಗಿಸಿ, ಆಮೇಲೆ ಕದ್ರಿಯವರ ಒಂದು ರಾಗ ಹಾಕಿಕೊಳ್ಳಲಿ. ಸದ್ದು ಮಾತ್ರ ತಗ್ಗಿಸಬಾರದು.